ನಮ್ಮ ಸಂಡಾಸಕ್ಕೆ ಬಿಳಿ ಟೈಲ್ಸು ಕೂಡಿಸಿದ್ದು

ಬೇರೆಯವರಿಗೆ ಹಳೆಯ ನೆನಪುಗಳು ಮಲ್ಲಿಗೆಯ ವಾಸನೆಯ ಜೊತೆ, ಒಗ್ಗರಣೆಯ ಘಮದ ಜೊತೆ ಬರುತ್ತವೆ ಎಂದು ಕೇಳಿದ್ದೇನೆ. ಓದಿಯೂ ಇದ್ದೇನೆ. ನನಗೆ ಬಂದದ್ದು ಸಂಡಾಸದಿಂದ. ಏನು ಮಾಡಲಿ ಹೇಳಿ, ಅವರವರ ಹಣೆಬರಹ.

ಹೋದ ತಿಂಗಳು ಹುಬ್ಬಳ್ಳಿಯ ನಮ್ಮ ವಿದ್ಯಾನಗರದ ಮನೆಯ ಬಚ್ಚಲಿನಲ್ಲಿ ನೀರು ನಿಲ್ಲತೊಡಗಿತು. ಸಂಡಾಸದ ಕೊಳವೆಯ ಸುತ್ತಲಿನ ನಾಲ್ಕೈದು ಟೈಲ್ಸು ಬುಡ ಬಿಟ್ಟಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಡಬ್ ಡಬ್ ಎನ್ನುತ್ತಿದ್ದವು. ಕೆಲಸದವನೊಬ್ಬ ಬಂದು ಅವನ್ನು ಒಡೆದು ತೆಗೆದ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳಿಗೆ ಯಾರಾದರೂ ಕೆಲಸ ಮಾಡುವುದನ್ನು ನೋಡುತ್ತ ಕೂಡದಿದ್ದರೆ ದಿನ ಹೋಗುವುದಿಲ್ಲ. ಅವನು ಸಿಮೆಂಟಿಗೆ ನೀರು ಹಾಕಿ ಕಲಸಿದ. ತಣ್ಣಗಿನ, ಮೂಗಿನ ಬುಡಕ್ಕೆ ಇಳಿಯುವ ಆ ಹಸಿ ಸಿಮೆಂಟಿನ ವಾಸನೆ ಬಂದದ್ದೇ ತಡ, ನಾನು ಮೂಗಿಗೆ ಸೆರಗು ಹಿಡಿದು ಕುರ್ಚಿಯಿಂದ ಅರ್ಧ ಎದ್ದೆ.

"ಅತ್ತೀ, ಆರಾಮ ಇಲ್ಲೇನ್ರಿ?" ಎಂದು ಸೊಸೆ ಕೇಳಿದಳು.

"ಧೂಳಾ, ಬ್ಯಾರೆ ಏನಿಲ್ಲ" ಎಂದೆ.

ಧೂಳಲ್ಲ. ಆ ವಾಸನೆ ನನ್ನನ್ನು ಅರವತ್ತರ ಆಸುಪಾಸಿನ ಧಾರವಾಡಕ್ಕೆ, ನಮ್ಮ ಹಿತ್ತಲಿಗೆ ಎಳೆದುಕೊಂಡು ಹೋಗಿತ್ತು. ಆಗ ನನಗೆ ಹನ್ನೊಂದು ವರ್ಷ. ಆ ಹಿತ್ತಲಲ್ಲಿ ಒಂದು ಮಧ್ಯಾಹ್ನ ನನ್ನ ಬಾಯಿಂದ ಒಂದು ಮಾತು ಹೊರಬಿದ್ದಿತ್ತು. ಅದನ್ನು ಇವತ್ತಿನವರೆಗೆ ಯಾರ ಮುಂದೆಯೂ ಆಡಿಲ್ಲ. ನಿಮಗೆ ಹೇಳುತ್ತೇನೆ, ಆದರೆ ಆ ಮಾತಿಗೆ ಮುಟ್ಟಬೇಕಾದರೆ ಸಂಡಾಸದ ದಾರಿಯಲ್ಲೇ ಹೋಗಬೇಕು. ಬೇಕಾದರೆ ಮೂಗು ಮುಚ್ಚಿಕೊಳ್ಳಿ. ನಾವೂ ಮುಚ್ಚಿಕೊಂಡೇ ಬದುಕಿದವರು.

ಲಕಮನಹಳ್ಳಿಯ ಕಡೆ ಹೋಗುವ ದಾರಿಯಲ್ಲಿ, ಊರು ಇನ್ನೇನು ಮುಗಿಯಿತು ಎನ್ನುವಲ್ಲಿ ನಮ್ಮ ಎರಡು ಖೋಲಿಯ ಹಂಚಿನ ಮನೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಅಮ್ಮಿನಬಾವಿಯ ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಶಾಲೆಯ ಬಾಗಿಲ ಹೊರಗೆ ಕೂತು ಅಕ್ಷರ ಕಲಿತವನು. ಆ ಕೇರಿಯಿಂದ ಓದಿ ಮಾಸ್ತರನಾದವರಲ್ಲಿ ಅವನೇ ಮೊದಲು. ಮನೆ ಕಟ್ಟಿಸುವ ಎರಡು ವರ್ಷ ಮೊದಲು ನಾವು ಬೌದ್ಧರಾಗಿದ್ದೆವು. ಪಡಸಾಲೆಯಲ್ಲಿ ಬುದ್ಧನ ಪಟವಿತ್ತು. ಅದರ ಕೆಳಗೆ ಪ್ರತಿ ರವಿವಾರ ಅಪ್ಪ ನಮ್ಮವರೇ ಆದ ನಾಲ್ಕಾರು ಮಂದಿಯನ್ನು ಕೂಡಿಸಿಕೊಂಡು, ಶಾಲೆಯಲ್ಲಿ ಮಗ್ಗಿ ಹೇಳಿಸುವ ದನಿಯಲ್ಲೇ ಹೇಳುತ್ತಿದ್ದ: "ಮುಟ್ಟಿದ್ರ ಯಾವನೂ ಕೆಡೂದಿಲ್ಲ. ಮುಟ್ಟಬ್ಯಾಡ ಅನ್ನಾಂವ ಕೆಡತಾನ. ತಿಳೀತಿಲ್ಲೋ?" ಎಲ್ಲರೂ ತಿಳೀತ್ರಿ ಎನ್ನುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತ ನಾನೂ ಎನ್ನುತ್ತಿದ್ದೆ.

ಹಿತ್ತಲ ತುದಿಗೆ ಸಂಡಾಸ. ಎರಡು ಕಲ್ಲು, ನಡುವೆ ತೂತು, ಕೆಳಗೆ ಒಂದು ತಗಡಿನ ಡಬ್ಬಿ. ಹಿಂದಿನ ಸಂದಿಯ ಕಡೆಗೆ ಮೊಣಕಾಲೆತ್ತರದ ಒಂದು ಸಣ್ಣ ಬಾಗಿಲು. ದಿನಾ ಮುಂಜಾನೆ ಆ ಸಂದಿಯಿಂದ ಬಕೆಟ್ಟಿನ ಸದ್ದು ಕೇಳಿದರೆ ಗಾಳೆವ್ವ ಬಂದಳೆಂದು ಅರ್ಥ. ಆ ಸಣ್ಣ ಬಾಗಿಲು ತೆಗೆದು, ಕೈ ಹಾಕಿ, ಡಬ್ಬಿ ಎಳೆದು, ಬಕೆಟ್ಟಿಗೆ ಸುರುವಿಕೊಂಡು ಹೋಗುವವಳು. ನಾನು ಕಂಡದ್ದು ಅವಳ ಕೈಯನ್ನಷ್ಟೇ: ಹಸಿರು ಬಳೆ, ಮೊಣಕೈವರೆಗೆ ಬೂದಿ. ಮುಖಕ್ಕೆ ಸೆರಗು ಮುಚ್ಚಿ ಅದರ ತುದಿಯನ್ನು ಹಲ್ಲಲ್ಲಿ ಕಚ್ಚಿರುತ್ತಿದ್ದಳು. ನೀರು ಕೇಳಿದರೆ ಅವ್ವ ತಂಬಿಗೆಯನ್ನು ಎತ್ತರದಲ್ಲಿ ಹಿಡಿದು ಅವಳ ಬೊಗಸೆಗೆ ಸುರಿಯುತ್ತಿದ್ದಳು. ಹಬ್ಬದ ದಿನ ಹೋಳಿಗೆಯನ್ನು ಎಲೆಯಲ್ಲಿ ಸುತ್ತಿ ಹಿತ್ತಲ ಗೋಡೆಯ ಮೇಲಿಟ್ಟು "ತಗೋ ಗಾಳೆವ್ವಾ" ಎಂದು ಹಿಂದೆ ಸರಿಯುತ್ತಿದ್ದಳು. ಅದರಲ್ಲಿ ವಿಚಾರ ಮಾಡುವಂಥದ್ದು ಏನಾದರೂ ಇದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಒಂದು ಮಳೆಗಾಲ ಗಾಳೆವ್ವ ನಾಲ್ಕು ದಿನ ಬರಲಿಲ್ಲ. ಜ್ವರ ಬಂದಿದೆಯೆಂದು ಯಾರೋ ಹೇಳಿದರು. ಸಂಡಾಸ ತುಂಬಿತು, ಉಕ್ಕಿತು. ಅವ್ವ ತಲೆಗೆ ಕೈ ಹಚ್ಚಿಕೊಂಡು, "ಈಕೀಗಿ ಈಗs ಜ್ವರಾ ಬರಬೇಕಿತ್ತೇನ?" ಎಂದಳು. ಅಪ್ಪ ಸಿಟ್ಟಿನಿಂದ ಹಿತ್ತಲಲ್ಲಿ ಅತ್ತಿಂದಿತ್ತ ಓಡಾಡಿದ. ಅವಳ ಮನೆ ಎಲ್ಲಿದೆ, ಔಷಧ ಕೊಡುವವರು ಇದ್ದಾರೋ ಇಲ್ಲವೋ ಎಂದು ಕೇಳಿದವರಿಲ್ಲ. ಐದನೆಯ ದಿನ ಅಪ್ಪ ಘೋಷಿಸಿದ: "ಸಾಕು ಈ ರಗಳಿ. ನೀರ ಹಾಕೂ ಸಂಡಾಸ ಕಟ್ಟಸೂದು. ಅದೂ ಹೆಂತಾದ್ದು? ನೆಲಕ್ಕ ಬಿಳೆ ಟೈಲ್ಸ!"

ಅವ್ವ ನಕ್ಕಳು. ನಮ್ಮ ಅಡುಗೆಮನೆಗೆ ಸಗಣಿ ಸಾರಿಸಿದ ನೆಲ; ಸಂಡಾಸಕ್ಕೆ ಚೀನಿಮಣ್ಣಿನ ಟೈಲ್ಸು! ಆದರೆ ಅಪ್ಪ ಹಟವಾದಿ. ಹುಬ್ಬಳ್ಳಿಗೆ ಹೋಗಿ, ಗೇಣಗಲದ ಬಿಳಿ ಟೈಲ್ಸುಗಳನ್ನು ಹುಲ್ಲಿನಲ್ಲಿ ಸುತ್ತಿಸಿ, ಕೂಸನ್ನು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ಒಂದೂ ಒಡೆದಿರಲಿಲ್ಲ. ನಾನು ಒಂದನ್ನು ಕೆನ್ನೆಗೆ ಹಚ್ಚಿಕೊಂಡು ನೋಡಿದೆ. ತಣ್ಣಗಿತ್ತು.

ಹಳೆಯದನ್ನು ಕೆಡವಬೇಕಾದ್ದರಿಂದ ನಾವೆಲ್ಲ ತಂಬಿಗೆ ಹಿಡಿದು ಬಯಲಕಡೆ ಹೋಗತೊಡಗಿದೆವು. ಒಂದು ಮುಂಜಾನೆ ಅಪ್ಪ ಜಾಲಿಯ ಗಿಡದ ಮರೆಯಿಂದ ಏಳುವ ಹೊತ್ತಿಗೆ ಅವನದೇ ಮೂರನೆಯ ಇಯತ್ತೆಯ ಹುಡುಗರು ಸಾಲಾಗಿ ನಿಂತು "ನಮಸ್ಕಾರ್ರಿ ಸರ್" ಎಂದರಂತೆ. ಅಂದು ಅಪ್ಪ ಶಾಲೆಗೆ ರಜೆ ಹಾಕಿದ. ಹೊಸದನ್ನು ಕಟ್ಟುವ ಗೌಂಡಿ ಮಾತ್ರ ಸಿಗಲಿಲ್ಲ. ಮೊದಲು ಬಂದವನು ಹಳೆಯ ಕಲ್ಲುಗಳನ್ನು ನೋಡಿ, "ಈ ಜಾಗಾದಾಗ ಕೈ ಹಾಕೂದಿಲ್ರಿ ಮಾಸ್ತರ" ಎಂದು ಹೊರಟುಹೋದ. ಎರಡನೆಯವನು ಅರ್ಧ ದಿನ ಗುಂಡಿ ತೋಡಿಸಿದ. ಆದರೆ ಕುಡಿಯುವ ನೀರನ್ನು ತನ್ನ ಮನೆಯಿಂದಲೇ ತಂದಿದ್ದ. ಅವ್ವ ಕೊಟ್ಟ ತಂಬಿಗೆ ಕಟ್ಟೆಯ ಮೇಲೆ ಹಾಗೆಯೇ ಉಳಿಯಿತು. ಮಧ್ಯಾಹ್ನ ಯಾರೋ ಅವನ ಕಿವಿಯಲ್ಲಿ ನಮ್ಮ ಬಗ್ಗೆ ಪೂರ್ತಿ ಹೇಳಿರಬೇಕು, ಮರುದಿನ ಬರಲಿಲ್ಲ.

"ನಾವು ಬೌದ್ಧರಾದ್ರೂ ನಮ್ಮ ತಂಬಿಗಿ ಮುಟ್ಟೂದಿಲ್ಲಲ್ರಿ ಇವರು" ಎಂದಳು ಅವ್ವ. ಅವಳ ಕಣ್ಣಲ್ಲಿ ನೀರಿತ್ತು. ಅಪ್ಪ ಆ ತಂಬಿಗೆಯ ನೀರನ್ನು ತಾನೇ ಕುಡಿದ.

ಮೂರನೆಯವನು ತಾನಾಗಿಯೇ ಬಂದ. ಇಪ್ಪತ್ತೈದರ ಆಸುಪಾಸಿನ ಪ್ರಾಯ, ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಸರು ಯಮನಪ್ಪ. ಹುಬ್ಬಳ್ಳಿಯಲ್ಲಿ ದೊಡ್ಡ ಗೌಂಡಿಯೊಬ್ಬರ ಕೈಕೆಳಗೆ ಕೆಲಸ ಕಲಿತೆನೆಂದೂ, ಇಲ್ಲಿ ಟೈಲ್ಸಿನ ಕೆಲಸ ಇದೆಯೆಂದು ಗೊತ್ತಾಯಿತೆಂದೂ ಹೇಳಿದ. ಅಂಗಿ ಬಿಚ್ಚಿ ಪೇರಲ ಗಿಡದ ಟೊಂಗೆಗೆ ತೂಗುಹಾಕಿ, "ಮೊದಲ ಒಂದ ತಂಬಿಗಿ ನೀರ ಕೊಡ್ರಿ ಅವ್ವಾರ, ಬಿಸಲಾಗ ಬಂದೇನಿ" ಎಂದ. ಅವ್ವ ಕೊಟ್ಟಳು. ಬಾಯಿ ಹಚ್ಚಿ ಗಟಗಟನೆ ಕುಡಿದ.

ಆ ಒಂದು ತಂಬಿಗೆ ನೀರಿಗೆ ಅವ್ವ ಅವನಿಗೆ ಸೋತುಹೋದಳು. ಅವತ್ತಿನಿಂದ ಅವನ ಊಟ ನಮ್ಮ ಮನೆಯಲ್ಲೇ. ಅಡುಗೆಮನೆಯ ಹೊಸ್ತಿಲ ಒಳಗೆ, ಅಪ್ಪನ ಪಕ್ಕದಲ್ಲಿ. ಬಿಸಿ ರೊಟ್ಟಿ ತಟ್ಟಿ ನೇರ ತಾಟಿಗೆ ಹಾಕುತ್ತಿದ್ದಳು. "ತಮ್ಮಾ, ಇನ್ನೊಂದು ಹಾಕಲಿ?" "ಸಾಕ್ರಿ, ಹೊಟ್ಟಿ ಒಡದೀತು." ಅವನು ವೃತ್ತಪತ್ರಿಕೆ ಓದುತ್ತಿದ್ದನಾದ್ದರಿಂದ ಅಪ್ಪನಿಗೂ ಹಿಡಿಸಿದ. "ನೋಡು, ದುಡಿಯಾಂವಂದ್ರ ಹಿಂಗಿರಬೇಕು. ಕೈಯಾಗ ಕೆಲಸಾ, ತಲ್ಯಾಗ ಅಕ್ಷರಾ" ಎಂದು ನನಗೆ ತೋರಿಸುತ್ತಿದ್ದ.

ಹಳೆಯ ಕಲ್ಲುಗಳನ್ನು ಅವನೇ ಕಿತ್ತ. ಮುಖ ಸಿಂಡರಿಸಲಿಲ್ಲ, ಮೂಗಿಗೆ ಬಟ್ಟೆ ಕಟ್ಟಲಿಲ್ಲ. ಹಿಂದಿನ ಆ ಸಣ್ಣ ಬಾಗಿಲನ್ನು ಕಿತ್ತು, ಆ ಕಿಂಡಿಗೆ ಇಟ್ಟಿಗೆ ಇಟ್ಟು ಗಟ್ಟಿಯಾಗಿ ಮುಚ್ಚಿದ. ಮುಚ್ಚಿದ ಮೇಲೆ ಅದರ ಮೇಲೆ ಅಂಗೈಯಿಂದ ಎರಡು ಸಲ ಬಡಿದು ನೋಡಿದ್ದು ನನಗೆ ನೆನಪಿದೆ. ಚೀನಿಮಣ್ಣಿನ ಪಾತ್ರೆ ಕೂಡಿಸಿ, ನೆಲಕ್ಕೆ ಇಳಿಜಾರು ಕೊಟ್ಟು, ಸಿಮೆಂಟು ಹಾಸಿ ಟೈಲ್ಸು ಜೋಡಿಸುತ್ತ ಬಂದ. ಶಾಲೆ ಬಿಟ್ಟು ಬಂದವಳೇ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂಡುತ್ತಿದ್ದೆ. ಉದ್ದ ಸಾಲುಗಳೆಲ್ಲ ಒಂದೇ ದಿನದಲ್ಲಿ ಮುಗಿದವು. ತಡವಾದದ್ದು ಪಾತ್ರೆಯ ಸುತ್ತ. ಅಲ್ಲಿ ಟೈಲ್ಸು ದುಂಡಗೆ ಕತ್ತರಿಸಬೇಕು, ಆದರೆ ಚೀನಿಮಣ್ಣು ಹೇಳಿದ ಹಾಗೆ ಒಡೆಯುವುದಿಲ್ಲ. ಅವನು ಪೆನ್ಸಿಲ್ಲಿನಿಂದ ಗೆರೆ ಎಳೆದು, ಇಕ್ಕಳದಲ್ಲಿ ಇಲಿ ಕಡಿದಂತೆ ಚೂರು ಚೂರೇ ಕಡಿದು, ಕಲ್ಲಿನ ಮೇಲೆ ನೀರು ಹಾಕಿ ಉಜ್ಜಿ, ಇಟ್ಟು ನೋಡಿ, ಮತ್ತೆ ತೆಗೆದು ಉಜ್ಜುತ್ತಿದ್ದ. ಒಂದು ತುಂಡಿಗೆ ಅರ್ಧ ತಾಸು.

"ಇಷ್ಟ್ಯಾಕ ಉಜ್ಜತೀರಿ? ಸಿಮೆಂಟ ಮೆತ್ತಿಬಿಡ್ರಿ" ಎಂದೆ ನಾನು.

"ಸಂದ ಉಳಿದ್ರ ಅಲ್ಲೆ ಹೊಲಸ ಕೂಡತೈತಿ ತಂಗಿ. ಆಮ್ಯಾಲ ಅದನ್ನ ಯಾರರ ಕೆದರಿ ತಗೀಬೇಕಾಗತೈತಿ" ಎಂದ. "ಯಾರೂ ಕೈ ಹಾಕಬಾರದು, ಹಂಗ ಮಾಡಬೇಕು."

ಐದನೆಯ ದಿನ ಕೆಲಸ ಮುಗಿಯುವುದಿತ್ತು. ಅಪ್ಪನಿಗೆ ಹುರುಪು ತಡೆಯಲಾಗದೆ ರವಿವಾರದ ಕೂಟದ ಇಬ್ಬರನ್ನು ಊಟಕ್ಕೆ ಕರೆದುಬಿಟ್ಟ. ಸಂಡಾಸದ ವಾಸ್ತುಶಾಂತಿ ಎಂದು ಅವ್ವ ಚೇಷ್ಟೆ ಮಾಡಿದಳಾದರೂ ಸಿಹಿಗೆ ಮಾದಲಿ ಮಾಡಿದಳು. ಗಂಡಸರು ನಾಲ್ವರೂ ಸಾಲಾಗಿ ಕೂತರು: ಅಪ್ಪ, ಅವನ ಪಕ್ಕ ಯಮನಪ್ಪ, ಆಮೇಲೆ ಆ ಇಬ್ಬರು. ಹಿತ್ತಲ ಬಾಗಿಲು ತೆರೆದಿತ್ತು. ಹಸಿ ಸಿಮೆಂಟಿನ ವಾಸನೆ ಮಾದಲಿಯ ಏಲಕ್ಕಿಯ ಜೊತೆ ಬೆರೆತು ಬರುತ್ತಿತ್ತು. ನಾನು ಬಡಿಸುವ ಅವ್ವನ ಹಿಂದೆ ತುಪ್ಪದ ಗಿಂಡಿ ಹಿಡಿದು ನಿಂತಿದ್ದೆ.

ಹಿತ್ತಲಲ್ಲಿ ಬಳೆಯ ಸದ್ದಾಯಿತು. ನೋಡಿದರೆ ಗಾಳೆವ್ವ. ಸಂಡಾಸ ಕೆಡವಿದಾಗಿನಿಂದ ಅವಳು ಬಂದಿರಲಿಲ್ಲ. ಅವತ್ತು ಬಕೆಟ್ಟಿರಲಿಲ್ಲ, ಸ್ನಾನ ಮಾಡಿ ಮಡಚಿದ ಸೀರೆ ಉಟ್ಟಿದ್ದಳು. ಸೆರಗು ಮಾತ್ರ ಯಾವತ್ತಿನಂತೆ ಮುಖದ ಮೇಲೆ. ಪಕ್ಕದ ಬೇಲಿಯ ಕಂಡಿಯಿಂದ ಹಿತ್ತಲಿಗೆ ಬಂದವಳು ಪೇರಲ ಗಿಡದ ಟೊಂಗೆಗೆ ತೂಗುಹಾಕಿದ ಬಿಳಿ ಅಂಗಿಯನ್ನು ನೋಡಿ, ಅದರ ತೋಳನ್ನು ಸರಿಮಾಡಿ, ಗಟ್ಟಿಯಾಗಿ ಕರೆದಳು:

"ಯಮನೂ, ಮುಗೀತೇನೋ ಯಪ್ಪಾ?"

ಯಮನಪ್ಪ ತುತ್ತು ಹಿಡಿದ ಕೈಯನ್ನು ಕೆಳಗಿಟ್ಟ. ಒಂದು ಕ್ಷಣ ತಾಟನ್ನೇ ನೋಡಿದ. ಆಮೇಲೆ, "ಬಂದೆ ಬೇ ಅವ್ವಾ" ಎಂದ.

ಅವ್ವನ ಕೈಯಲ್ಲಿನ ಸೌಟು ಗಾಳಿಯಲ್ಲೇ ನಿಂತಿತ್ತು. ಮೊದಲು ಬಾಯಿ ತೆರೆದವಳು ನಾನು. ಹನ್ನೊಂದು ವರ್ಷದ ನಾನು, ಬುದ್ಧನ ಪಟದ ಕೆಳಗೆ "ತಿಳೀತ್ರಿ" ಎನ್ನುತ್ತಿದ್ದ ನಾನು, ತುಪ್ಪದ ಗಿಂಡಿ ಎದೆಗೆ ಅವಚಿಕೊಂಡು ಕಿರುಚಿದೆ:

"ಅಯ್ಯಯ್ಯ, ಅವ್ವಾ! ಇಂವಾ ಗಾಳೆವ್ವನ ಮಗಾ! ನಮ್ಮ ತಂಬಿಗೀಗಿ ಬಾಯಿ ಹಚ್ಚ್ಯಾನ!"

ಅದೇ ಆ ಮಾತು. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನನ್ನೊಳಗೆ ಎಲ್ಲಿತ್ತೋ, ಹೇಗೆ ಅಷ್ಟು ಸಿದ್ಧವಾಗಿತ್ತೋ, ಒಂದಕ್ಷರ ತೊದಲದೆ ಹೊರಗೆ ಬಂತು. ಅಪ್ಪ ನನ್ನನ್ನು ನೋಡಿದ. ಮಗಳನ್ನು ನೋಡುವ ಕಣ್ಣಲ್ಲ ಅದು. ದಾರಿಯಲ್ಲಿ ಯಾರೋ ಹಿಂದಿನಿಂದ ಕಲ್ಲು ಹೊಡೆದರೆ ಮನುಷ್ಯ ತಿರುಗಿ ನೋಡುತ್ತಾನಲ್ಲ, ಹಾಗೆ ನೋಡಿದ. ಸಾಲಿನ ಕೊನೆಗೆ ಕೂತಿದ್ದ ಇಬ್ಬರಲ್ಲಿ ಒಬ್ಬರು ತಾಟನ್ನು ಮೆಲ್ಲಗೆ ಒಂದು ಗೇಣು ಮುಂದೆ ಸರಿಸಿದರು. ಇನ್ನೊಬ್ಬರು ಕೆಮ್ಮಿದರು. "ನಮ್ಮದು ಆತ್ರಿ ಊಟಾ" ಎಂದು ಇಬ್ಬರೂ ಎದ್ದರು.

ಯಮನಪ್ಪನೂ ಎದ್ದ. "ತಂಗಿ ಖರೇನ ಹೇಳ್ಯಾಳ ಬಿಡ್ರಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಮೊದಲs ಯಾಕ ಹೇಳಲಿಲ್ಲೋ ತಮ್ಮಾ?" ಎಂದಳು ಅವ್ವ. ಅವಳ ದನಿ ಅವಳದಾಗಿರಲಿಲ್ಲ.

"ಹೇಳಿದ್ರ ಕೆಲಸಾ ಕೊಡ್ತಿದ್ರೇನ್ರಿ ಅವ್ವಾರ?"

ಅವನು ತನ್ನ ತಾಟು, ತಂಬಿಗೆ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಬೂದಿ ಹಚ್ಚಿ ತಿಕ್ಕಿ, ತೊಳೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದ. ಅವನ್ನು ಒಳಗೆ ತಂದಿಡಲಿಲ್ಲ. ಗಾಳೆವ್ವ ಹೆದರಿ ಬೇಲಿಯ ಕಡೆಗೆ ಸರಿದಿದ್ದಳು. "ನೆಲಾ ನೋಡಾಕ ಬಂದಿದ್ನಿರಿ ಅವ್ವಾರ. ಮಂದಿ ಬಂದಾರಂತ ಗೊತ್ತಿರಲಿಲ್ಲ. ಹೊರಗಿಂದ ನೋಡಿ ಹೋಗ್ತೇನ್ರಿ" ಎಂದಳು.

"ಹೊರಗಿಂದ್ಯಾಕ? ಒಳಗ ಬಾ" ಎಂದ ಯಮನಪ್ಪ. "ಕಾಲ ಇಡು. ಒಣಗೇತಿ."

ಅವಳು ಅಷ್ಟು ದಿನ ನಮ್ಮ ಸಂಡಾಸಕ್ಕೆ ಬಂದರೂ ಅದರೊಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಕೂತು, ಪಾತ್ರೆಯ ಸುತ್ತಲಿನ ದುಂಡನೆಯ ಅಂಚಿನ ಮೇಲೆ ಅಂಗೈ ಆಡಿಸಿದಳು. ಕೈ ಎಲ್ಲೂ ತಡೆಯಲಿಲ್ಲ. "ಇಷ್ಟ ದುಂಡಗ ಹೆಂಗ ಕಡದ್ಯೋ?" ಎಂದಳು. ಆಮೇಲೆ ಮುಚ್ಚಿದ ಕಿಂಡಿಯನ್ನು ಬಹಳ ಹೊತ್ತು ನೋಡಿದಳು.

"ಇದು ಐದನೇದು. ನಿನ್ನ ಸಾಲಿನಾಗ ಇನ್ನ ಆರ ಮನಿ ಉಳದಾವ ಅವ್ವಾ" ಎಂದ ಅವನು.

"ಆರ ಮುಗಿಯೂದ್ರಾಗ ಮುನಸಿಪಾಲ್ಟಿ ಮುಕಾದಮ ಇನ್ನೊಂದ ಓಣಿ ಹಚ್ಚತಾನ. ಹೋದ ವರ್ಷನೂ ಹಚ್ಚಿದ್ನಲ್ಲೋ."

"ಹಚ್ಚಲಿ. ಆ ಓಣೀಗೂ ಬರತೇನಿ."

ಆಗ ನಮಗೆ ತಿಳಿಯಿತು. ತಾಯಿಯ ದಿನದ ದಾರಿಯಲ್ಲಿ ಇದ್ದ ಹನ್ನೊಂದು ಮನೆಗಳಲ್ಲಿ ಯಾರು ಸಂಡಾಸ ಕೆಡವುತ್ತಾರೆ ಎಂದು ಅವಳಿಂದಲೇ ಕೇಳಿ ತಿಳಿದುಕೊಂಡು, ಇವನು ಒಂದೊಂದೇ ಮನೆಗೆ ಹೋಗಿ ಕೆಲಸ ಹಿಡಿಯುತ್ತಿದ್ದ. ಒಂದೊಂದೇ ಕಿಂಡಿ ಮುಚ್ಚುತ್ತಿದ್ದ. ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. "ಕೂಡ್ರೋ, ಊಟಾ ಮುಗಸು" ಎನ್ನಲಿಲ್ಲ. ಎನ್ನುತ್ತಾನೆ, ಈಗ ಎನ್ನುತ್ತಾನೆ ಎಂದು ನಾನು ಕಾದೆ. ಯಮನಪ್ಪ ಉಳಿದ ಸಂದುಗಳಿಗೆ ಬಿಳಿ ಸಿಮೆಂಟು ತುಂಬಿ, ನೆಲ ಒರೆಸಿ, ಒಂದು ತಂಬಿಗೆ ನೀರು ಸುರಿದು ಅದು ಸರಿಯಾಗಿ ಹರಿಯಿತೆಂದು ಖಾತ್ರಿ ಮಾಡಿಕೊಂಡು, ಅಂಗಿ ತೊಟ್ಟು, ತಾಯಿಯ ಜೊತೆ ಹೋದ. ಅವ್ವ ಒಂದು ಎಲೆಯಲ್ಲಿ ಮಾದಲಿ ತಂದಿದ್ದಳು. ಕೊಡಲು ಹೋಗುವಷ್ಟರಲ್ಲಿ ಅವರು ಬೇಲಿ ದಾಟಿದ್ದರು.

ಅಂದು ಸಂಜೆ ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಅವ್ವನಿಗೆ ಹೇಳಿದ್ದು ನನಗೆ ಕೇಳಿಸಿತು. ಅವನು ಎಂಟು ವರ್ಷದವನಿದ್ದಾಗ ಅಮ್ಮಿನಬಾವಿಯ ಶಾಲೆಯಲ್ಲಿ ಬೇಸಿಗೆಗೆ ಬಾಯಾರಿ, ಯಾರೂ ಇಲ್ಲವೆಂದು ತಿಳಿದು ಕುಡಿಯುವ ನೀರಿನ ಗಡಿಗೆಗೆ ಬಾಯಿ ಹಚ್ಚಿದ್ದನಂತೆ. ಬಾಗಿಲಲ್ಲಿ ಒಬ್ಬ ಹುಡುಗಿ ನೋಡಿ ಕಿರುಚಿದಳಂತೆ. ಆಮೇಲೆ ಆದದ್ದನ್ನು ಅಪ್ಪ ಹೇಳಲಿಲ್ಲ. ಬೆನ್ನ ಮೇಲಿನ ಕಲೆ ನಾವು ನೋಡಿದ್ದೆವು.

"ಆ ಹುಡಿಗೀದೂ ಇಷ್ಟs ವಯಸ್ಸು. ಅದs ದನಿ, ಅದs ಮಾತು" ಎಂದ ಅಪ್ಪ. "ಇಪ್ಪತ್ತೈದ ವರ್ಷ ಆದ ಮ್ಯಾಲೆ ನನ್ನ ಮನ್ಯಾಗ, ನನ್ನ ಮಗಳ ಬಾಯಾಗ ಕೇಳಿದೆ."

ಅವ್ವ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು. "ಅಕೀಗಿ ಬೈಬ್ಯಾಡ್ರಿ. ನಾನs ಕಲಿಸೇನಿ" ಎಂದಳು. "ಬಾಯಿಲೆ ಕಲಿಸಿಲ್ಲ. ಮ್ಯಾಲಿಂದ ನೀರ ಹಾಕಿ ಹಾಕಿ, ಕೈಲೆ ಕಲಿಸೇನಿ."

ಮುಂದಿನ ರವಿವಾರ ಅಪ್ಪ ಕೂಟ ನಡೆಸಲಿಲ್ಲ. ನನ್ನ ಕೈ ಹಿಡಿದುಕೊಂಡು ರೈಲು ಹಳಿಯ ಆಚೆ ಇದ್ದ ಗಾಳೆವ್ವನ ಓಣಿಗೆ ನಡೆದ. ನಾಲ್ಕು ಕಡೆ ಕೇಳಿ ಮನೆ ಹುಡುಕಬೇಕಾಯಿತು. ಸಣ್ಣ ತಗಡಿನ ಮನೆ. ಬಚ್ಚಲಿಗೆ ಮಾತ್ರ ಒಡೆದ ಬಿಳಿ ಟೈಲ್ಸಿನ ಚೂರುಗಳನ್ನು ಜೋಡಿಸಿದ ನೆಲ. ಅದರಲ್ಲಿ ನಮ್ಮ ಮನೆಯಲ್ಲಿ ಉಳಿದ ತುಂಡುಗಳೂ ಇದ್ದವು. ಯಮನಪ್ಪ ಹುಬ್ಬಳ್ಳಿಗೆ ಹೋಗಿದ್ದ. ಗಾಳೆವ್ವ ಸೆರಗು ಹಿಂದೆ ಹಾಕಿಕೊಂಡು ಜೋಳ ಹಸನು ಮಾಡುತ್ತಿದ್ದಳು. ಅವಳ ಮುಖವನ್ನು ನಾನು ಅವತ್ತು ನೋಡಿದೆ. ಗದ್ದದ ಮೇಲೆ ಮೂರು ಹಚ್ಚೆಯ ಚುಕ್ಕೆ, ನಗುವಾಗ ಒಂದೇ ಕಡೆ ಗುಳಿ. ನನ್ನ ಸೋದರತ್ತೆಯ ಮುಖದಂಥ ಮುಖ. ಇಷ್ಟು ದಿನ ನಾನು ಆ ಸೆರಗಿನ ಹಿಂದೆ ಏನಿದೆಯೆಂದು ತಿಳಿದಿದ್ದೆನೋ ಕಾಣೆ.

"ತಪ್ಪಾತು ಗಾಳೆವ್ವಾ" ಎಂದ ಅಪ್ಪ. "ನಾ ದೊಡ್ಡಾಂವ. ಅವತ್ತ ನಾ ಮಾತಾಡಬೇಕಿತ್ತು. ಬಾಯಿ ಬರಲಿಲ್ಲ."

ಅವಳು ಜೋಳದ ಮೊರ ಬದಿಗಿಟ್ಟು ಎದ್ದಳು. "ಅಯ್ಯ ಬಿಡ್ರಿ ಮಾಸ್ತರ, ಹಿಂಗೆಲ್ಲಾ ಅನಬಾರದ್ರಿ" ಎನ್ನುತ್ತ ಕಂಬಳಿ ಹಾಸಿ, ಎರಡು ಹಿತ್ತಾಳೆಯ ಲೋಟ ತಿಕ್ಕಿ ತೊಳೆದು, ನೀರು ತುಂಬಿ ಮುಂದಿಟ್ಟಳು. ಅಪ್ಪ ಒಂದೇ ಗುಟುಕಿಗೆ ಕುಡಿದ. ಆಮೇಲೆ ನನ್ನನ್ನು ನೋಡಿದ.

ನಾನು ಲೋಟ ಎತ್ತಿದೆ. ನೀರು ಬಾಯಿಗೆ ಹಾಕಿಕೊಂಡೆ. ನುಂಗಲು ಆಗಲಿಲ್ಲ. ಇದನ್ನು ನೀವು ನಂಬಬೇಕು: ನಾನು ನುಂಗಬೇಕೆಂದೇ ಇದ್ದೆ. ನಾಚಿಕೆಯಿಂದ ಸಾಯುತ್ತಿದ್ದೆ. ಅಪ್ಪನ ಬೆನ್ನಿನ ಕಲೆಯ ಕತೆ ಕೇಳಿ ಎರಡು ದಿನ ಅತ್ತಿದ್ದೆ. ಆದರೆ ಆ ಹಸಿರು ಬಳೆಯ ಕೈ, ಆ ತಗಡಿನ ಡಬ್ಬಿ ಕಣ್ಣ ಮುಂದಿನಿಂದ ಹೋಗಲಿಲ್ಲ. ಬಾಯಿ ತುಂಬ ನೀರು ಹಿಡಿದುಕೊಂಡೇ ಎದ್ದು, ಹೊರಗೆ ಗೋಡೆಯ ಮರೆಗೆ ಹೋಗಿ ಉಗುಳಿದೆ. ತಲೆಯೆತ್ತಿದರೆ ಗಾಳೆವ್ವ ನಿಂತಿದ್ದಳು. ಕೈಯಲ್ಲಿ ನನಗೆಂದು ತಂದ ಬೆಲ್ಲದ ಚೂರು.

ಅವಳು ನೆಲದ ಮೇಲಿನ ಒದ್ದೆಯನ್ನು ನೋಡಿದಳು. ನನ್ನನ್ನು ನೋಡಿದಳು. ಬೆಲ್ಲವನ್ನು ಕೊಡಲೋ ಬೇಡವೋ ಎಂದು ಒಂದು ಗಳಿಗೆ ತಡೆದು, ಅದನ್ನು ಗಿಡ್ಡ ಗೋಡೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದಳು.

"ಇರಲಿ ಬಿಡು ಕೂಸ" ಎಂದಳು ಮೆಲ್ಲಗೆ. "ಕಲತದ್ದು ಅಷ್ಟ ಲಗೂ ಹೋಗೂದಿಲ್ಲ. ಮಾಸ್ತರ ಮುಂದ ನಾ ಹೇಳೂದಿಲ್ಲ."

ಹೇಳಲಿಲ್ಲ. ತಿರುಗಿ ಬರುವಾಗ ಹಳಿ ದಾಟುವಲ್ಲಿ ಅಪ್ಪ ನನ್ನ ತಲೆ ಸವರಿ, "ಶಾಣ್ಯಾಕಿ. ನೀರ ಕುಡದಿ. ಇನ್ನ ನನಗ ಚಿಂತಿಲ್ಲ" ಎಂದ. ನಾನು ತಲೆಯಾಡಿಸಿದೆ. ಅಪ್ಪ ತೀರಿಕೊಂಡು ಮೂವತ್ತು ವರ್ಷವಾಯಿತು. ಅವನು ಹಾಗೆಯೇ ತಿಳಿದು ಹೋದ.

ಮುಂದೇನಾಯಿತು ಎಂದು ಕೇಳುತ್ತೀರಿ. ಉಳಿದ ಆರು ಮನೆಗಳನ್ನು ಯಮನಪ್ಪ ಎರಡು ವರ್ಷದಲ್ಲಿ ಮುಗಿಸಿದ. ಗಾಳೆವ್ವ ಹೇಳಿದಂತೆಯೇ ಮುಕಾದಮ ಅವಳಿಗೆ ಇನ್ನೊಂದು ಓಣಿ ಹಚ್ಚಿದ. ಅಪ್ಪ ಅವಳಿಗೆ ರಸ್ತೆ ಗುಡಿಸುವ ಕೆಲಸವನ್ನಾದರೂ ಕೊಡಿರೆಂದು ಮುನ್ಸಿಪಾಲಿಟಿಗೆ ಅರ್ಜಿ ಬರೆದ. ಒಂದಲ್ಲ, ಬಹಳ ಬರೆದ. ಅವನ್ನು ಶುದ್ಧ ಅಕ್ಷರದಲ್ಲಿ ನಕಲು ಮಾಡುವುದು ನನ್ನ ಪಾಲಿಗೆ ಬಂತು. ಯಾರೂ ಹೇಳದಿದ್ದರೂ ನಾನು ಒಂದೊಂದನ್ನು ಎರಡೆರಡು ಸಲ ಬರೆಯುತ್ತಿದ್ದೆ, ಚೆಂದದ್ದನ್ನು ಆರಿಸಿ ಕೊಡುತ್ತಿದ್ದೆ. ಕೊನೆಗೆ ಒಂದು ಅರ್ಜಿ ಎಲ್ಲಿಯೋ ನಾಟಿ ಅವಳ ಕೈಗೆ ಪೊರಕೆ ಬಂತು. ಯಮನಪ್ಪ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಅವ್ವ ಎರಡು ಸಲ ಹೇಳಿ ಕಳಿಸಿದಳು. "ಕೆಲಸಾ ಭಾಳ ಐತ್ರಿ" ಎಂದು ನಯವಾಗಿಯೇ ತಿರುಗಿ ಹೇಳಿ ಕಳಿಸಿದ.

ಅರವತ್ತರ ದಶಕದ ಕೊನೆಗೆ, ನಾನು ಟ್ರೇನಿಂಗ್ ಕಾಲೇಜಿಗೆ ಹೋಗುತ್ತಿದ್ದಾಗ, ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ಗಾಳೆವ್ವನನ್ನು ಕಂಡೆ. ಹೊಸ ಇಳಕಲ್ಲ ಸೀರೆ, ಪಕ್ಕದಲ್ಲಿ ಟ್ರಂಕು. ಮಗ ಗೋವಾದಲ್ಲಿ ಕಟ್ಟಡದ ಕೆಲಸ ಹಿಡಿದಿದ್ದಾನೆ, ಕರೆದುಕೊಂಡು ಹೋಗಲು ಬಂದಿದ್ದಾನೆ, ಟಿಕೀಟು ತರಲು ಹೋಗಿದ್ದಾನೆ ಎಂದಳು. ಅವಳ ಮುಂದೆ ನಿಂತು ನಾನು ಆ ನೀರಿನ ಮಾತು ಎತ್ತಬೇಕೆಂದು ಎಷ್ಟೋ ಒದ್ದಾಡಿದೆ.

"ಆ ನೆಲಾ ಹೆಂಗೈತಿ? ಬಿರಕ ಬಿಟ್ಟಿಲ್ಲಲ್ಲ?" ಎಂದು ಅವಳೇ ಕೇಳಿದಳು.

"ಇಲ್ಲ ಗಾಳೆವ್ವ. ಒಂದೂ ಅಳ್ಳಾಡಿಲ್ಲ."

"ಅಳ್ಳಾಡೂದಿಲ್ಲ" ಎಂದಳು. ಒಂದೇ ಕಡೆ ಗುಳಿ ಬಿತ್ತು. ಬಸ್ಸು ಬಂತು. ನಾನು ಆಡಬೇಕಾದ್ದು ಬಾಯಲ್ಲೇ ಉಳಿಯಿತು.

ಇಷ್ಟೆಲ್ಲ ನನ್ನ ತಲೆಯಲ್ಲಿ ಓಡುತ್ತಿರುವಾಗ, ವಿದ್ಯಾನಗರದ ಬಚ್ಚಲಿನಲ್ಲಿ ಕೆಲಸದವನು ಕೊನೆಯ ಟೈಲ್ಸು ಕೂಡಿಸಿ ಕೈ ತೊಳೆಯುತ್ತಿದ್ದ. ಆಗ ನನಗೆ ಇನ್ನೊಂದು ನೆನಪಾಯಿತು. ಅದು ಹಳೆಯದಲ್ಲ, ಅಂದು ಮುಂಜಾನೆಯದೇ. ಅವನು ಬಂದು ಚೀಲ ಇಳಿಸುವ ಮೊದಲು ನಾನು ಅವನಿಗೆ ಎರಡು ಪ್ರಶ್ನೆ ಕೇಳಿದ್ದೆ. ಮೊದಲನೆಯದು, "ಹೆಸರೇನಪಾ?" ಹೇಳಿದ್ದ. ಎರಡನೆಯದು, ನಾಲಿಗೆಗೆ ತಾನಾಗಿಯೇ ಬಂದದ್ದು, ನಮ್ಮ ಕಡೆ ಜಾತಿಯ ಗುರುತು ಕೊಡುವ ಮನೆತನದ ಹೆಸರು: "ಅಡ್ಡಹೆಸರು?"

ಅವನು ನಕ್ಕಂತೆ ಮಾಡಿ, "ಕೆಲಸಾ ನೋಡ್ರಿ ಬಾಯಾರ. ಅಡ್ಡಹೆಸರು ತಗೊಂಡ ಏನ ಮಾಡ್ತೀರಿ?" ಎಂದಿದ್ದ. ನಾನು ಅದನ್ನು ಉದ್ಧಟತನ ಎಂದುಕೊಂಡು, ಅವನ ಮೇಲೆ ಕಣ್ಣಿಡಬೇಕೆಂದೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಬೌದ್ಧರ ಮಗಳು, ಮೂವತ್ತಾರು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಯಾತಕ್ಕೆ ಕೇಳಿದೆ? ಏನು ತಿಳಿಯಬೇಕಿತ್ತು ನನಗೆ? ಅವನು ನನ್ನ ಅಡ್ಡಹೆಸರು ಕೇಳಿರಲಿಲ್ಲ.

ಅವನು ಸಾಮಾನು ಚೀಲಕ್ಕೆ ತುಂಬಿಕೊಂಡು, "ನಾಳೆ ಬಂದು ಸಂದು ತುಂಬತೇನ್ರಿ. ಇವತ್ತ ನೀರ ಹಾಕಬ್ಯಾಡ್ರಿ" ಎಂದ.

"ಎಷ್ಟೊತ್ತಿಗಿ ಬರ್ತೀ..." ಎಂದು ಶುರುಮಾಡಿದೆ. ಇಡೀ ದಿನ ಅವನನ್ನು ಹಾಗೆಯೇ ಏಕವಚನದಲ್ಲಿ ಮಾತಾಡಿಸಿದ್ದೆ. ನಾಲಿಗೆ ಅಲ್ಲಿ ತಡೆಯಿತು. ಎದ್ದು ನಿಂತೆ.

"ಎಷ್ಟೊತ್ತಿಗಿ ಬರ್ತೀರಿ?" ಎಂದೆ.

ಅವನು ಚೀಲ ಹೆಗಲಿಗೇರಿಸುತ್ತಿದ್ದವನು ನಿಂತು, ಬೇರೆ ಯಾರನ್ನೋ ಕೇಳುತ್ತಿದ್ದೇನೆಂದು ತಿಳಿದು, ಹಿಂದಕ್ಕೆ ತಿರುಗಿ ನೋಡಿದ.